ಕಿರುಮಾತಿನ ಕಟ್ಟೆಗಳು: ಬೀಗದಕೈ ಯಾರ ಬಳಿ?

(ಪದವಿ ಕಾಲೇಜೊಂದರ ಪತ್ರಿಕೋದ್ಯಮ ವಿದ್ಯಾರ್ಥಿಗಳು ಹಾಗೂ ಊರಿನ ಓದುಗರ ಎದುರು ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ)



ವೇದಿಕೆ ಹತ್ತುವ ಮೊದಲು ಇಲ್ಲಿನ ನಿವೃತ್ತ ಮೇಷ್ಟ್ರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಿದರು. 'ಟ್ವಿಟರ್ ಅಂತೀರಿ, ಥ್ರೆಡ್ಸ್ ಅಂತೀರಿ, ಮ್ಯಾಸ್ಟೊಡಾನ್ ಅಂತೀರಿ. ಎಲ್ಲದರಲ್ಲೂ ನಾಲ್ಕು ಸಾಲು ಬರೆಯೋದು, ನಾಲ್ಕು ಜನ ಓದೋದು. ಅಂಗಡಿಯ ಬೋರ್ಡು ಬೇರೆ, ಒಳಗಿನ ಸಾಮಾನು ಒಂದೇ ಅಲ್ಲವೇನಮ್ಮ?' ಎಂದರು.

ಪ್ರಶ್ನೆ ಸರಿಯಾಗಿಯೇ ಇದೆ. ನಾನು ಬರೆದುಕೊಂಡು ಬಂದಿದ್ದ ಟಿಪ್ಪಣಿಯನ್ನು ಮಡಿಸಿಟ್ಟು ಈ ಪ್ರಶ್ನೆಗೇ ಉತ್ತರ ಹೇಳಲು ಪ್ರಯತ್ನಿಸುತ್ತೇನೆ. ನನ್ನ ಉತ್ತರ ಇಷ್ಟೇ: ಸಾಮಾನು ಒಂದೇ ರೀತಿ ಕಾಣುತ್ತದೆ, ಆದರೆ ಅಂಗಡಿ ಕಟ್ಟಿದ ರೀತಿಯಿಂದ ಅಲ್ಲಿ ಸೇರುವ ಜನ ಬದಲಾಗುತ್ತಾರೆ. ಅವರು ಆಡುವ ಮಾತೂ ಬದಲಾಗುತ್ತದೆ. ಒಮ್ಮೊಮ್ಮೆ ಯಾರಿಗೆ ಸಹಾಯ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ.

ಈ ಕಿರುಬರಹದ ತಾಣಗಳನ್ನು ಹೋಲಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು ಎಂದು ನನಗೆ ಅನ್ನಿಸಿದೆ. ಎಷ್ಟು ಬರೆಯಬಹುದು? ಬರೆದದ್ದು ಯಾರಿಗೆ ಕಾಣುತ್ತದೆ? ಮನೆಯ ಬೀಗದಕೈ ಯಾರ ಬಳಿ ಇದೆ? ಒಂದೊಂದನ್ನೇ ನೋಡೋಣ.

ಬೆರಳಚ್ಚು ಯಂತ್ರದಲ್ಲಿ ಹುಟ್ಟಿದ ಅಳತೆ

ಚಿಕ್ಕದಾಗಿ ಬರೆಯುವುದು ಕನ್ನಡಿಗರಿಗೆ ಹೊಸದಲ್ಲ. ಸರ್ವಜ್ಞ ಮೂರೇ ಸಾಲಿನಲ್ಲಿ ಲೋಕವನ್ನು ತೂಗಿದ. ದಿನಕರ ದೇಸಾಯಿಯವರು ನಾಲ್ಕು ಸಾಲಿನ ಚುಟುಕವನ್ನು ಮನೆಮಾತು ಮಾಡಿದರು. ದುಂಡಿರಾಜರ ಹನಿಗವನಗಳನ್ನು ಪತ್ರಿಕೆಗಳಲ್ಲಿ ಓದಿ ನಕ್ಕವರು ಇಲ್ಲೂ ಇರಬಹುದು. ತಂತಿ ಕಳಿಸುವಾಗ ಪದಕ್ಕಿಷ್ಟು ದುಡ್ಡು ಎಂದು ಎಣಿಸಿ ಬರೆದ ಹಿರಿಯರೂ ಇದ್ದೀರಿ. ಆ ತಂತಿ ಸೇವೆಯನ್ನು ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ನಿಲ್ಲಿಸಲಾಯಿತು.

ಆದರೆ ಇಂದಿನ ಕಿರುಬರಹದ ಅಳತೆ ಬಂದದ್ದು ಕಾವ್ಯದಿಂದಲ್ಲ, ಬೆರಳಚ್ಚು ಯಂತ್ರದಿಂದ. 1985ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಎಂಬ ಎಂಜಿನಿಯರ್ ತಮ್ಮ ಮನೆಯಲ್ಲಿ ಕುಳಿತು, ತೋಚಿದ ವಾಕ್ಯಗಳನ್ನೆಲ್ಲ ಬೆರಳಚ್ಚು ಮಾಡಿ ಅಕ್ಷರಗಳನ್ನು ಎಣಿಸಿದರು. ಹೆಚ್ಚಿನವು 160 ಅಕ್ಷರಗಳೊಳಗೆ ಮುಗಿದುಹೋದವು. ಮೊಬೈಲ್ ಸಂದೇಶಕ್ಕೆ, ಅಂದರೆ ಎಸ್ಸೆಮ್ಮೆಸ್ಸಿಗೆ, ಅದೇ ಮಿತಿಯಾಯಿತು. ಮೊದಲ ಎಸ್ಸೆಮ್ಮೆಸ್ 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಹೋಯಿತು. ಅದು ಕ್ರಿಸ್ಮಸ್ ಶುಭಾಶಯ.

2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟ್ವಿಟರ್ ಹುಟ್ಟಿದಾಗ ಅದನ್ನು ಮೊಬೈಲ್ ಸಂದೇಶದ ಮೂಲಕವೇ ಬಳಸಬೇಕೆಂಬ ಉದ್ದೇಶವಿತ್ತು. 160ರಲ್ಲಿ 20 ಅಕ್ಷರ ಬರೆದವರ ಹೆಸರಿಗೆ ಮೀಸಲು. ಉಳಿದದ್ದು 140. ಜಗತ್ತನ್ನೇ ಚಿಕ್ಕದಾಗಿ ಮಾತಾಡಿಸಿದ ಆ ಸಂಖ್ಯೆಯ ಹಿಂದೆ ಇರುವ ಲೆಕ್ಕ ಇಷ್ಟೇ.

ಈ ಲೆಕ್ಕ ಎಲ್ಲ ಭಾಷೆಗೂ ಒಂದೇ ಆಗಿರಲಿಲ್ಲ. 160 ಎಂಬುದು ರೋಮನ್ ಲಿಪಿಗೆ ಮಾತ್ರ. ಕನ್ನಡದಲ್ಲಿ ಎಸ್ಸೆಮ್ಮೆಸ್ ಬರೆದರೆ ಒಂದು ಸಂದೇಶಕ್ಕೆ ದೊರೆಯುತ್ತಿದ್ದದ್ದು 70 ಸ್ಥಾನ. ಅದರಲ್ಲೂ ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. 'ಕರ್ನಾಟಕ' ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಏಳು. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು. ನಮ್ಮ ಜನ ವರ್ಷಗಟ್ಟಲೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದಕ್ಕೆ ಕೀಲಿಮಣೆಯ ತೊಂದರೆಯ ಜೊತೆಗೆ ಈ ಲೆಕ್ಕವೂ ಒಂದು ಕಾರಣ.

ಚೀನೀ, ಜಪಾನೀ ಭಾಷೆಗಳಲ್ಲಿ ಕಥೆ ತಿರುಗುಮುರುಗು. ಅಲ್ಲಿ ಒಂದು ಚಿಹ್ನೆಯೇ ಹೆಚ್ಚುಕಡಿಮೆ ಒಂದು ಪದದಷ್ಟು ಅರ್ಥ ಹೊರುತ್ತದೆ. 140 ಚಿಹ್ನೆಯಲ್ಲಿ ಒಂದು ಚಿಕ್ಕ ವರದಿಯನ್ನೇ ಬರೆಯಬಹುದು. 2017ರಲ್ಲಿ ಟ್ವಿಟರ್ ಸಂಸ್ಥೆ ತಾನೇ ಹೇಳಿಕೊಂಡಂತೆ, ಇಂಗ್ಲಿಷಿನಲ್ಲಿ ಬರೆದ ಟ್ವೀಟುಗಳಲ್ಲಿ ಶೇಕಡಾ 9ರಷ್ಟು 140ರ ಮಿತಿಗೆ ಬಂದು ತಾಕುತ್ತಿದ್ದವು, ಜಪಾನೀ ಭಾಷೆಯಲ್ಲಿ ಕೇವಲ ಶೇಕಡಾ 0.4. ಆ ವರ್ಷದ ನವೆಂಬರಿನಲ್ಲಿ ಮಿತಿಯನ್ನು 280ಕ್ಕೆ ಏರಿಸಿದಾಗ ಚೀನೀ, ಜಪಾನೀ, ಕೊರಿಯನ್ ಭಾಷೆಗಳನ್ನು ಹೊರಗಿಟ್ಟರು. ಕನ್ನಡಕ್ಕೆ 280 ಸಿಕ್ಕಿತು. ಅಂದರೆ ಎಷ್ಟು ಬರೆಯಬಹುದು ಎಂಬ ಮೊದಲ ಪ್ರಶ್ನೆಯಲ್ಲೇ ಭಾಷೆಗಳ ನಡುವಿನ ವ್ಯತ್ಯಾಸ ಅಡಗಿದೆ.

ಬಳಸಿದವರೇ ಕಟ್ಟಿದ ಸಂತೆ

ಇನ್ನು ಎರಡನೆಯ ಪ್ರಶ್ನೆ. ಟ್ವಿಟರ್ ಸ್ವಭಾವದಲ್ಲಿ ಒಂದು ಸಂತೆ. ಬೇಲಿಯಿಲ್ಲ. ಯಾರು ಬೇಕಾದರೂ ಯಾರ ಮಾತನ್ನಾದರೂ ನಿಂತು ಕೇಳಬಹುದು. ನೀವು ನನ್ನನ್ನು ಹಿಂಬಾಲಿಸಿದರೆ ನಾನೂ ನಿಮ್ಮನ್ನು ಹಿಂಬಾಲಿಸಬೇಕೆಂಬ ನಿಯಮವಿಲ್ಲ. ಆದ್ದರಿಂದಲೇ ಮಂತ್ರಿಗಳು, ಕ್ರಿಕೆಟಿಗರು, ನಟರು, ಪತ್ರಕರ್ತರು ಅಲ್ಲಿಗೆ ಹೋದರು.

ಒಂದು ಸ್ವಾರಸ್ಯ ಗಮನಿಸಿ. ಇಂದು ಟ್ವಿಟರಿನ ಗುರುತುಗಳೆಂದು ನಾವು ತಿಳಿದಿರುವ ಹಲವು ಪದ್ಧತಿಗಳನ್ನು ಕಂಪನಿ ಮಾಡಲಿಲ್ಲ, ಬಳಕೆದಾರರು ಮಾಡಿದರು. ಹೆಸರಿನ ಹಿಂದೆ 'ಅಟ್' ಚಿಹ್ನೆ ಹಾಕಿ ಕರೆಯುವುದು, ಇನ್ನೊಬ್ಬರ ಮಾತನ್ನು 'ಆರ್‌ಟಿ' ಎಂದು ಬರೆದು ಮತ್ತೆ ಹೇಳುವುದು, ಎಲ್ಲವೂ ಜನರ ರೂಢಿ. ವಿಷಯಗಳನ್ನು ಒಂದೆಡೆ ಸೇರಿಸಲು ಹ್ಯಾಶ್ ಚಿಹ್ನೆ ಬಳಸೋಣ ಎಂದು 2007ರ ಆಗಸ್ಟಿನಲ್ಲಿ ಸೂಚಿಸಿದವರು ಕ್ರಿಸ್ ಮೆಸಿನಾ. ಅವರು ಟ್ವಿಟರಿನ ನೌಕರರಲ್ಲ. ಕಂಪನಿ ಇವನ್ನೆಲ್ಲ ನಂತರ ಒಪ್ಪಿಕೊಂಡು ಗುಂಡಿಗಳನ್ನು ಮಾಡಿಕೊಟ್ಟಿತು.

ಆ ಹ್ಯಾಶ್ ಚಿಹ್ನೆಯ ಸುತ್ತ ಸಮುದಾಯಗಳು ಕೂಡಿದವು. ಅಮೆರಿಕದ ಕಪ್ಪು ಜನರು 2013ರ ಜುಲೈಯಲ್ಲಿ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಎಂಬ ಮಾತನ್ನು ಅದರ ಜೊತೆ ಬಳಸತೊಡಗಿದರು. ಮುಂದಿನ ವರ್ಷ ಫರ್ಗುಸನ್ ಪಟ್ಟಣದ ಘಟನೆಯ ನಂತರ ಅದು ದೇಶವ್ಯಾಪಿ ಚಳವಳಿಯ ಹೆಸರಾಯಿತು. ನಮ್ಮಲ್ಲೂ 2017ರಲ್ಲಿ ಬೆಂಗಳೂರಿನ ಮೆಟ್ರೋ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ 'ನಮ್ಮ ಮೆಟ್ರೋ ಹಿಂದಿ ಬೇಡ' ಎಂಬ ಕೂಗು ಟ್ವಿಟರಿನಲ್ಲೇ ಬಲಗೊಂಡಿತು. ಕೊನೆಗೆ ನಿಲ್ದಾಣಗಳಲ್ಲಿ ಹಿಂದಿಯ ಹೆಸರುಗಳನ್ನು ಮರೆಮಾಡಲಾಯಿತು. ಕನ್ನಡಪರವಾದ ಆ ಕೂಗನ್ನು ಬರೆದದ್ದು ಮಾತ್ರ ಇಂಗ್ಲಿಷ್ ಲಿಪಿಯಲ್ಲಿ.

ಜಪಾನಿನವರು ಇದೇ ಟ್ವಿಟರನ್ನು ಬೇರೆ ರೀತಿ ಬಳಸಿದರು. ಅಲ್ಲಿ ಸ್ವಂತ ಹೆಸರಿಗಿಂತ ಅಡ್ಡಹೆಸರಿನ ಖಾತೆಗಳು ಹೆಚ್ಚು. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ದಿನ ದೂರವಾಣಿ ಮಾರ್ಗಗಳು ತುಂಬಿಹೋದಾಗ ಜನ ತಮ್ಮವರನ್ನು ಹುಡುಕಿದ್ದು ಇಲ್ಲಿ. 2013ರ ಆಗಸ್ಟಿನಲ್ಲಿ ದೂರದರ್ಶನದಲ್ಲಿ ಒಂದು ಹಳೆಯ ಅನಿಮೇಷನ್ ಚಿತ್ರ ಬರುತ್ತಿದ್ದಾಗ, ಅದರ ಪಾತ್ರಗಳು ಮಂತ್ರ ಹೇಳುವ ಕ್ಷಣಕ್ಕೆ ಸರಿಯಾಗಿ ದೇಶದ ಜನರೆಲ್ಲ ಆ ಮಂತ್ರವನ್ನು ಬರೆದರು. ಒಂದು ಸೆಕೆಂಡಿಗೆ 1,43,199 ಟ್ವೀಟುಗಳು! ಒಂದೇ ಸಂತೆಯನ್ನು ಒಬ್ಬರು ಹೋರಾಟಕ್ಕೆ ಬಳಸಿದರೆ ಇನ್ನೊಬ್ಬರು ಜಾತ್ರೆಗೂ ಬಳಸುತ್ತಾರೆ.

ಕಾವಲಿರುವ ಮೈದಾನ, ಅಳುವ ಗೋಡೆ

ಚೀನಾದಲ್ಲಿ 2009ರ ಜೂನಿನಲ್ಲಿ ಟ್ವಿಟರನ್ನು ತಡೆಹಿಡಿಯಲಾಯಿತು. ಮುಂದಿನ ತಿಂಗಳು ಉರುಮ್ಚಿ ನಗರದ ಗಲಭೆಗಳ ನಂತರ ಅಲ್ಲಿನದೇ ಆದ ಫಾನ್‌ಫೌ ಎಂಬ ತಾಣವೂ ಮುಚ್ಚಿತು. ಆಗಸ್ಟಿನಲ್ಲಿ ಸಿನಾ ಕಂಪನಿಯ ವೈಬೊ ಬಂತು. ವೈಬೊ ಎಂಬುದರ ಅರ್ಥವೇ ಕಿರುಬರಹದ ತಾಣ ಎಂದು.

ವೈಬೊ ಟ್ವಿಟರಿನ ನಕಲು ಎಂದು ಹೇಳುವುದುಂಟು. ಪೂರ್ತಿ ಸರಿಯಲ್ಲ. ಟ್ವಿಟರಿನಲ್ಲಿ ನೀವು ಕೊಡುವ ಉತ್ತರವೂ ನಿಮ್ಮದೇ ಒಂದು ಬಿಡಿ ಟ್ವೀಟು. ವೈಬೊದಲ್ಲಿ ಮೊದಲಿನಿಂದಲೂ ಬರಹದ ಕೆಳಗೇ ಪ್ರತಿಕ್ರಿಯೆಗಳು ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಇದು ಚಿಕ್ಕ ತಾಂತ್ರಿಕ ಭೇದ ಅನ್ನಿಸಬಹುದು. ಇದರಿಂದ ಏನಾಯಿತು ನೋಡಿ.

2011ರ ಜುಲೈ 23ರಂದು ವೆನ್‌ಝೌ ನಗರದ ಬಳಿ ಎರಡು ಅತಿವೇಗದ ರೈಲುಗಳು ಡಿಕ್ಕಿ ಹೊಡೆದು 40 ಮಂದಿ ಸತ್ತರು. ರೈಲಿನೊಳಗಿನಿಂದಲೇ ಪ್ರಯಾಣಿಕರು ವೈಬೊದಲ್ಲಿ ಸಹಾಯಕ್ಕಾಗಿ ಮೊರೆಯಿಟ್ಟರು. ಅಪಘಾತದ ಅವಶೇಷವನ್ನು ಸ್ಥಳದಲ್ಲೇ ಹೂತದ್ದು ತಿಳಿದು ಜನ ಕೆರಳಿದರು. ಹೂತದ್ದನ್ನು ಮತ್ತೆ ಹೊರತೆಗೆಯಬೇಕಾಯಿತು. ಪತ್ರಿಕೆಗಳಿಗೆ ಕಡಿವಾಣವಿರುವ ದೇಶದಲ್ಲಿ ಇದು ದೊಡ್ಡ ಸಂಗತಿ.

ಸರಕಾರ ಸುಮ್ಮನಿರಲಿಲ್ಲ. ಮರುವರ್ಷದಿಂದ ಖಾತೆಗೆ ನಿಜವಾದ ಗುರುತು ನೋಂದಾಯಿಸಬೇಕೆಂಬ ನಿಯಮ ಬಂತು. 2013ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಂದು ಮಿತಿಯನ್ನು ಗೊತ್ತುಮಾಡಿತು. ಮಾನಹಾನಿಕರ ಸುಳ್ಳೆನಿಸಿದ ಬರಹವನ್ನು 500 ಬಾರಿ ಹಂಚಿದರೆ, ಅಥವಾ 5,000 ಮಂದಿ ನೋಡಿದರೆ, ಬರೆದವರಿಗೆ ಜೈಲಾಗಬಹುದು. ಬೇರೆ ಕಡೆ ಹೆಚ್ಚು ಹಂಚಿಕೆಯಾದರೆ ಹಿಗ್ಗುವ ಜನ, ಅಲ್ಲಿ ಹೆಚ್ಚು ಹಂಚಿಕೆಯಾದರೆ ಹೆದರುವಂತಾಯಿತು.

ಆದರೂ ಮಾತು ದಾರಿ ಹುಡುಕಿಕೊಳ್ಳುತ್ತದೆ. 'ಮೀ ಟೂ' ಎಂಬ ಪದಕ್ಕೆ ತಡೆ ಬಿದ್ದಾಗ, 2018ರಲ್ಲಿ ಚೀನೀ ಹೆಣ್ಣುಮಕ್ಕಳು ಅಕ್ಕಿ ಮತ್ತು ಮೊಲದ ಚಿತ್ರ ಬಳಸಿದರು. ಅವರ ಭಾಷೆಯಲ್ಲಿ ಅಕ್ಕಿಗೆ 'ಮಿ', ಮೊಲಕ್ಕೆ 'ಟು'.

ವುಹಾನಿನ ಕಣ್ಣಿನ ವೈದ್ಯ ಲಿ ವೆನ್‌ಲಿಯಾಂಗ್ ಅವರ ಹೆಸರು ನಿಮಗೆ ನೆನಪಿರಬಹುದು. ಹೊಸ ಸೋಂಕಿನ ಬಗ್ಗೆ 2019ರ ಡಿಸೆಂಬರ್ ಕೊನೆಯಲ್ಲಿ ಸಹಪಾಠಿ ವೈದ್ಯರನ್ನು ಎಚ್ಚರಿಸಿದ್ದಕ್ಕೆ ಪೊಲೀಸರು ಕರೆಸಿ ಛೀಮಾರಿ ಹಾಕಿದ್ದರು. ಅವರಿಗೇ ಸೋಂಕು ತಗುಲಿತು. 2020ರ ಫೆಬ್ರುವರಿ 1ರಂದು, ಪರೀಕ್ಷೆಯಲ್ಲಿ ಸೋಂಕು ಖಚಿತವಾಯಿತು ಎಂದು ವೈಬೊದಲ್ಲಿ ಬರೆದರು. ಅದೇ ಅವರ ಕೊನೆಯ ಬರಹ. 7ರಂದು ತೀರಿಕೊಂಡರು. ಆಗಿನಿಂದ ಆ ಬರಹದ ಕೆಳಗೆ ಜನ ಬರೆಯುತ್ತ ಹೋದರು. ಮೊದಲು ಕೋಪ, ದುಃಖ. ಆಮೇಲೆ ದಿನನಿತ್ಯದ ಮಾತು. ಇವತ್ತು ಚಳಿ ಇದೆ ಡಾಕ್ಟ್ರೇ, ನಾಳೆ ನನಗೆ ಪರೀಕ್ಷೆ, ಕೆಲಸ ಹೋಯಿತು, ಮಗು ಹುಟ್ಟಿತು ಎಂಬಂಥ ಮಾತುಗಳು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಸೇರಿದವು. ಅದನ್ನು 'ಅಳುವ ಗೋಡೆ' ಎಂದು ಕರೆದರು.

ಪ್ರತಿಕ್ರಿಯೆಗಳು ಬರಹದ ಕೆಳಗೇ ಸೇರುವ ವ್ಯವಸ್ಥೆ ಇಲ್ಲದಿದ್ದರೆ ಈ ಗೋಡೆ ಏಳುತ್ತಿತ್ತೆ? ನನಗೆ ಸಂಶಯ. ಕಂಪನಿಯ ಎಂಜಿನಿಯರ್ ಯಾವುದೋ ಕಾರಣಕ್ಕೆ ಮಾಡಿದ ಒಂದು ಜಗಲಿ, ಹತ್ತು ವರ್ಷಗಳ ನಂತರ ಒಂದು ದೇಶ ಕುಳಿತು ಅಳುವ ಜಾಗವಾಯಿತು. ಆ ಗೋಡೆ ಉಳಿಯುವುದೂ ಅಳಿಯುವುದೂ ಅತ್ತವರ ಕೈಯಲ್ಲಿಲ್ಲ ಎಂಬುದನ್ನೂ ಮರೆಯಬಾರದು.

ವಠಾರಗಳ ಪ್ರಯೋಗ

ಇಲ್ಲಿಗೆ ಮೂರನೆಯ ಪ್ರಶ್ನೆಗೆ ಬಂದೆವು. ಬೀಗದಕೈ ಯಾರ ಬಳಿ?

2016ರಲ್ಲಿ ಜರ್ಮನಿಯ ಯುವಕ ಯೂಗನ್ ರೋಚ್ಕೊ ಮ್ಯಾಸ್ಟೊಡಾನ್ ಎಂಬ ತಂತ್ರಾಂಶ ಮಾಡಿದರು. ಇದರಲ್ಲಿ ಒಬ್ಬ ಯಜಮಾನನಿಲ್ಲ. ಯಾರು ಬೇಕಾದರೂ ತಮ್ಮ ಸರ್ವರ್ ನಡೆಸಬಹುದು. ಒಂದು ಸರ್ವರಿನವರು ಇನ್ನೊಂದರವರ ಜೊತೆ ಮಾತಾಡಬಹುದು. ನಮ್ಮೂರಿನ ಅಂಚೆ ಕಚೇರಿಯಲ್ಲಿ ಹಾಕಿದ ಕಾಗದ ಧಾರವಾಡದ ಅಂಚೆ ಕಚೇರಿಗೆ ಹೋಗುವುದಿಲ್ಲವೆ, ಹಾಗೆ. ಪ್ರತಿ ವಠಾರಕ್ಕೂ ಅದರದೇ ನಿಯಮ. ಬರೆಯಲು ಸಾಮಾನ್ಯವಾಗಿ 500 ಅಕ್ಷರ.

ಭಾರತದವರು ದೊಡ್ಡ ಸಂಖ್ಯೆಯಲ್ಲಿ ಇದನ್ನು ಕಂಡದ್ದು 2019ರ ನವೆಂಬರಿನಲ್ಲಿ. ಸುಪ್ರೀಂ ಕೋರ್ಟಿನ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯನ್ನು ಅಮಾನತು ಮಾಡಿದಾಗ ಅನೇಕರು ಪ್ರತಿಭಟಿಸಿ ಮ್ಯಾಸ್ಟೊಡಾನ್ ಸೇರಿದರು. ಹೆಚ್ಚಿನವರು ಕೆಲವೇ ವಾರಗಳಲ್ಲಿ ಹಿಂದಿರುಗಿದರು. ಕಾರಣ ಸರಳ. ಅವರ ಓದುಗರು ಹಳೆಯ ಮನೆಯಲ್ಲೇ ಉಳಿದಿದ್ದರು.

2022ರ ಅಕ್ಟೋಬರಿನಲ್ಲಿ ಎಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರನ್ನು ಕೊಂಡರು. ಮರುವರ್ಷ ಜುಲೈಯಲ್ಲಿ ಅದರ ಹೆಸರು ಎಕ್ಸ್ ಎಂದಾಯಿತು. ಹಿಂದೆ ಗುರುತು ಪರಿಶೀಲಿಸಿ ಕೊಡುತ್ತಿದ್ದ ನೀಲಿ ಗುರುತು ಹಣ ಕೊಟ್ಟವರಿಗೆ ದೊರೆಯುವಂತಾಯಿತು. ಆಗ ಮತ್ತೊಂದು ವಲಸೆ. ಮ್ಯಾಸ್ಟೊಡಾನಿನ ಮಾಸಿಕ ಬಳಕೆದಾರರು ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿದರೆಂದು ರೋಚ್ಕೊ ತಿಳಿಸಿದರು. ಈ ಬಾರಿ ಹಳಬರಿಗೂ ಹೊಸಬರಿಗೂ ತಿಕ್ಕಾಟವಾಯಿತು. ನೋವಿನ ವಿಷಯ ಬರೆಯುವಾಗ ಮೇಲೊಂದು ಎಚ್ಚರಿಕೆಯ ಪರದೆ ಹಾಕಬೇಕೆಂಬುದು ಅಲ್ಲಿನ ಹಳೆಯ ರೂಢಿ. ವರ್ಣಭೇದದ ಅನುಭವ ಬರೆದ ಕಪ್ಪು ಜನರಿಗೂ ಪರದೆ ಹಾಕಿ ಎಂದು ಕೆಲವರು ಬುದ್ಧಿ ಹೇಳಿದರು. ನಮ್ಮ ಬದುಕನ್ನೇ ಮರೆಮಾಡಬೇಕೆ ಎಂದು ಅವರು ಕೇಳಿದರು. ಯಜಮಾನನಿಲ್ಲದ ವಠಾರದಲ್ಲೂ ನೆರೆಹೊರೆಯವರ ದೊಣ್ಣೆ ಇರುತ್ತದೆ.

2023ರ ಜುಲೈಯಲ್ಲಿ ಮೆಟಾ ಕಂಪನಿಯ ಥ್ರೆಡ್ಸ್ ಬಂತು. ಇನ್‌ಸ್ಟಾಗ್ರಾಂ ಖಾತೆಯಿಂದಲೇ ಒಳಗೆ ಹೋಗುವ ಅನುಕೂಲವಿದ್ದುದರಿಂದ ಐದೇ ದಿನದಲ್ಲಿ 10 ಕೋಟಿ ಜನ ಸೇರಿದರು. ರಾಜಕೀಯ ಮತ್ತು ಗಂಭೀರ ಸುದ್ದಿಗೆ ಪ್ರೋತ್ಸಾಹ ಕೊಡುವುದಿಲ್ಲ ಎಂದು ಅದರ ಮುಖ್ಯಸ್ಥರು ಆರಂಭದಲ್ಲಿ ಹೇಳಿದ್ದರು. ಆದ್ದರಿಂದ ಅಲ್ಲಿ ಅಡುಗೆ, ಸಿನಿಮಾ, ಸಂಸಾರದ ಹರಟೆ ಮೊದಲು ಬೆಳೆಯಿತು. 2019ರಲ್ಲಿ ಟ್ವಿಟರಿನ ಒಳಗೇ ಯೋಜನೆಯಾಗಿ ಆರಂಭವಾದ ಬ್ಲೂಸ್ಕೈ 2024ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆಯಿತು. ಆ ವರ್ಷ ಆಗಸ್ಟ್ ಕೊನೆಯಲ್ಲಿ ಬ್ರೆಜಿಲ್ ದೇಶದ ಸುಪ್ರೀಂ ಕೋರ್ಟು ಎಕ್ಸ್‌ಗೆ ತಡೆ ಹಾಕಿದಾಗ, ಕೆಲವೇ ದಿನಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಹೋದರು. ಯಾವ ಬರಹ ಮೊದಲು ಕಾಣಬೇಕು ಎಂಬುದನ್ನು ಬಳಕೆದಾರರೇ ಆರಿಸಿಕೊಳ್ಳಬಹುದು ಎಂಬುದು ಬ್ಲೂಸ್ಕೈಯ ವಿಶೇಷ.

ಬೆಂಗಳೂರಿನ ಹಳದಿ ಹಕ್ಕಿ

ಈಗ ನಮ್ಮ ಮನೆಯ ಕಥೆ. 2020ರಲ್ಲಿ ಬೆಂಗಳೂರಿನ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದವತ್ಕಾ 'ಕೂ' ಎಂಬ ತಾಣ ಆರಂಭಿಸಿದರು. ಹಳದಿ ಹಕ್ಕಿಯ ಗುರುತು. ಮೊದಲು ಬಂದದ್ದು ಕನ್ನಡದಲ್ಲೇ, ಆಮೇಲೆ ಹಿಂದಿ, ತೆಲುಗು, ತಮಿಳು ಮುಂತಾದ ಭಾಷೆಗಳಲ್ಲಿ. ಬರೆಯಲು 400 ಅಕ್ಷರ. ಒಳಗೆ ಕಾಲಿಟ್ಟರೆ ಮೊದಲು ಭಾಷೆ ಆರಿಸಬೇಕಿತ್ತು. ಕನ್ನಡ ಆರಿಸಿದರೆ ಕಾಣುತ್ತಿದ್ದದ್ದೆಲ್ಲ ಕನ್ನಡ. ಇಂಗ್ಲಿಷಿನ ಸಂತೆಯ ಮೂಲೆಯಲ್ಲಿ ನಿಂತು ಕೂಗಬೇಕಾಗಿಲ್ಲ ಎಂಬುದು ಅದರ ಆಕರ್ಷಣೆಯಾಗಿತ್ತು.

2021ರ ಫೆಬ್ರುವರಿಯಲ್ಲಿ ರೈತರ ಚಳವಳಿಯ ಸಂದರ್ಭದಲ್ಲಿ ಕೆಲವು ಖಾತೆಗಳನ್ನು ತಡೆಯುವ ಬಗ್ಗೆ ಕೇಂದ್ರ ಸರಕಾರಕ್ಕೂ ಟ್ವಿಟರಿಗೂ ಜಟಾಪಟಿಯಾಯಿತು. ಮಂತ್ರಿಗಳು, ಇಲಾಖೆಗಳು 'ಕೂ' ಕಡೆ ತಿರುಗಿದವು. ಅದೇ ಜೂನಿನಲ್ಲಿ ನೈಜೀರಿಯ ಸರಕಾರ ಟ್ವಿಟರನ್ನು ನಿಷೇಧಿಸಿ 'ಕೂ' ಸೇರಿತು. ಹೀಗೆ ಭಾಷೆಯ ಮನೆಯಾಗಿ ಹುಟ್ಟಿದ್ದು ರಾಜಕೀಯದ ಮನೆಯಾಗಿಯೂ ಕಾಣತೊಡಗಿತು. ಜಗಳವಾಡಿ ಎದ್ದುಬಂದವರು ಸೇರಿದ ಕಡೆ ಉಳಿದವರು ಬರಲು ಹಿಂಜರಿಯುತ್ತಾರೆ.

2024ರ ಜುಲೈ 3ರಂದು ಸಂಸ್ಥಾಪಕರು 'ಕೂ' ಮುಚ್ಚುವುದಾಗಿ ಪ್ರಕಟಿಸಿದರು. ಒಂದು ಕಾಲಕ್ಕೆ ತಿಂಗಳಿಗೆ ಸುಮಾರು ಒಂದು ಕೋಟಿ ಜನ ಬಳಸುತ್ತಿದ್ದರು ಎಂದೂ, ದೊಡ್ಡ ಕಂಪನಿಗಳ ಜೊತೆ ನಡೆಸಿದ ಮಾತುಕತೆ ಫಲಿಸಲಿಲ್ಲ, ತಂತ್ರಜ್ಞಾನದ ಖರ್ಚು ಭರಿಸುವುದು ಕಷ್ಟ ಎಂದೂ ಅವರು ತಿಳಿಸಿದರು. ಇದನ್ನು ಹಾಸ್ಯ ಮಾಡುವುದು ಸುಲಭ. ಆದರೆ ಕನ್ನಡವನ್ನು ಅನುವಾದದ ಅಂಚಿನಲ್ಲಿಡದೆ ಬಾಗಿಲಲ್ಲೇ ನಿಲ್ಲಿಸಿದ ಪ್ರಯತ್ನ ಅದು. ಭಾಷೆ ಇದ್ದರೆ ಮಾತ್ರ ಸಾಲದು, ಮಾತಾಡಲು ಬೇಕಾದ ಜನರೂ ಅಲ್ಲಿರಬೇಕು, ಖರ್ಚಿಗೆ ದಾರಿಯೂ ಇರಬೇಕು ಎಂಬ ಪಾಠ ಅದರಲ್ಲಿದೆ.

ಒಂಬತ್ತು ನಲವತ್ತರ ಪಾಠ

ಇನ್ನು ನನ್ನದೇ ಒಂದು ಅನುಭವ. 2021ರ ಏಪ್ರಿಲ್, ಮೇ ತಿಂಗಳಲ್ಲಿ ನಾನು ಪತ್ರಿಕೋದ್ಯಮ ಡಿಪ್ಲೊಮಾ ವಿದ್ಯಾರ್ಥಿನಿ. ಕೋವಿಡ್‌ನ ಎರಡನೇ ಅಲೆ. ಆಮ್ಲಜನಕ ಎಲ್ಲಿದೆ, ಹಾಸಿಗೆ ಎಲ್ಲಿದೆ ಎಂಬ ಮೊರೆ ಟ್ವಿಟರಿನ ತುಂಬ. ನಾವು ಏಳು ಮಂದಿ ಸಹಪಾಠಿಗಳು ಅಲ್ಲಿ ಬರುತ್ತಿದ್ದ ದೂರವಾಣಿ ಸಂಖ್ಯೆಗಳಿಗೆ ಒಂದೊಂದಾಗಿ ಕರೆ ಮಾಡಿ, ಸರಿಯಾದವನ್ನು ಮಾತ್ರ ಮತ್ತೆ ಹಾಕುವ ಕೆಲಸ ಹಚ್ಚಿಕೊಂಡೆವು.

ಒಂದು ರಾತ್ರಿ ನಾನು ಒಂದು ಸಂಖ್ಯೆಯನ್ನು ಪರಿಶೀಲಿಸಿ ಹಾಕಿದೆ. ಬೆಳಗಿನ ವೇಳೆಗೆ ಅಲ್ಲಿ ಸಿಲಿಂಡರ್ ಮುಗಿದಿತ್ತು. ನನ್ನ ಬರಹ ಮಾತ್ರ ಮುಗಿಯಲಿಲ್ಲ. ಮೂರು ದಿನ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಒಬ್ಬ ಹೆಂಗಸು ನನಗೆ ಸಂದೇಶ ಕಳಿಸಿದರು. ಅರ್ಧ ದಿನ ಆ ನಂಬರಿಗೇ ಕರೆ ಮಾಡುತ್ತ ಕಳೆದೆ ತಂಗಿ, ಎಂದು. ಅವರ ತಂದೆಗೆ ಬೇರೆ ಕಡೆ ವ್ಯವಸ್ಥೆಯಾಯಿತು ಎಂದು ಆಮೇಲೆ ತಿಳಿದು ಉಸಿರು ಬಿಟ್ಟೆ. ಅಂದಿನಿಂದ ನಾವು ಪ್ರತಿ ಬರಹದ ಮೊದಲಿಗೇ ದಿನಾಂಕ, 'ರಾತ್ರಿ 9.40ಕ್ಕೆ ವಿಚಾರಿಸಿದ್ದು' ಎಂದು ಬರೆಯತೊಡಗಿದೆವು. ಹಂಚಿದ ಮಾತಿಗೆ ವಯಸ್ಸು ಕಾಣುವುದಿಲ್ಲ. ಅದನ್ನು ನಾವೇ ಬರೆಯಬೇಕು.

ಇನ್ನೊಂದು ಸಂಗತಿ ನಿಧಾನವಾಗಿ ಹೊಳೆಯಿತು. ನಮಗೆ ಬರುತ್ತಿದ್ದ ಮೊರೆಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿದ್ದವು. ಹಳ್ಳಿಯವರ ಮೊರೆ ಬಂದರೂ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಅವರ ಮಗನೋ ಸೋದರಳಿಯನೋ ಬರೆದದ್ದಾಗಿರುತ್ತಿತ್ತು. ಹಾಗೆ ಬರೆಯುವವರು ಯಾರೂ ಇಲ್ಲದ ಮನೆಗಳ ಮೊರೆ ನಮಗೆ ಕೇಳಿಸಲೇ ಇಲ್ಲ. ಸಂತೆಗೆ ಬೇಲಿಯಿಲ್ಲ ಎಂದು ಆಗಲೇ ಹೇಳಿದೆ. ಬೇಲಿಯಿತ್ತು. ನಾವು ಒಳಗಿದ್ದುದರಿಂದ ಕಾಣಲಿಲ್ಲ.

ನ್ಯಾಯಾಲಯದ ಬಾಗಿಲಲ್ಲಿ

ಬೀಗದಕೈ ಪ್ರಶ್ನೆ ನಮ್ಮ ರಾಜ್ಯದ ನ್ಯಾಯಾಲಯಕ್ಕೂ ಬಂದಿದೆ. ಖಾತೆ ಮತ್ತು ಬರಹಗಳನ್ನು ತಡೆಯುವ ಕೇಂದ್ರದ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿತು. ಸರಕಾರದ 'ಸಹಯೋಗ್' ಜಾಲತಾಣದ ವಿರುದ್ಧ ಎಕ್ಸ್ ಹೂಡಿದ್ದ ಅರ್ಜಿಯನ್ನೂ 2025ರ ಸೆಪ್ಟೆಂಬರಿನಲ್ಲಿ ಅದೇ ಹೈಕೋರ್ಟ್ ತಳ್ಳಿಹಾಕಿತು. ಎರಡೂ ಪ್ರಕರಣಗಳಲ್ಲಿ ಎದುರುಬದುರು ನಿಂತದ್ದು ಕಂಪನಿ ಮತ್ತು ಸರಕಾರ. ಮಾತು ಯಾರದೋ ಅವರ ಕೈಯಲ್ಲಿ ಬೀಗದಕೈ ಇಲ್ಲ.

ಹಾಗಾದರೆ ಈ ಮಾತುಗಳನ್ನು ಕಾಯ್ದಿಡುವವರು ಯಾರು? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಎಲ್ಲ ಸಾರ್ವಜನಿಕ ಟ್ವೀಟುಗಳನ್ನೂ ಸಂಗ್ರಹಿಸುವುದಾಗಿ ಪ್ರಕಟಿಸಿತ್ತು. 2018ರಿಂದ ಆ ಸಂಕಲ್ಪ ಬಿಟ್ಟು ಆಯ್ದವುಗಳನ್ನು ಮಾತ್ರ ಸಂಗ್ರಹಿಸತೊಡಗಿತು. ಅಷ್ಟು ದೊಡ್ಡ ಗ್ರಂಥಾಲಯಕ್ಕೇ ಆಗದ ಕೆಲಸ ಅದು. ಹಳೆಯ ಪತ್ರಿಕೆ ಬೇಕಾದರೆ ನಮ್ಮ ಕಚೇರಿಯ ಉಗ್ರಾಣದಲ್ಲಿ ಧೂಳು ಕೊಡವಿ ತೆಗೆಯಬಹುದು. ಮುಚ್ಚಿದ ತಾಣದಲ್ಲಿ ಕೊಡವಲು ಧೂಳೂ ಇರುವುದಿಲ್ಲ.

ಮೇಷ್ಟ್ರ ಪ್ರಶ್ನೆಗೆ ಮರಳಿ ಬರುತ್ತೇನೆ. ಸಾಮಾನು ಒಂದೇ ಅಲ್ಲ ಸಾರ್. ಸಂತೆಯಲ್ಲಿ ಆಡುವ ಮಾತು ಬೇರೆ, ಕಾವಲಿನವನ ಎದುರು ಆಡುವುದು ಬೇರೆ, ವಠಾರದ ಜಗಲಿಯಲ್ಲಿ ಆಡುವುದು ಬೇರೆ. ಯಾವುದು ಒಳ್ಳೆಯದು ಎಂದು ನಾನು ಹೇಳಲಾರೆ. ಸಂತೆಯಲ್ಲಿ ಗದ್ದಲವಿದೆ, ಆದರೆ ಅಪರಿಚಿತನ ಸಹಾಯ ಸಿಗುವುದೂ ಅಲ್ಲೇ. ವಠಾರದಲ್ಲಿ ನೆಮ್ಮದಿಯಿದೆ, ಆದರೆ ಹೊರಗಿನವರ ಕೂಗು ಕೇಳಿಸುವುದು ಕಡಿಮೆ.

ವಿದ್ಯಾರ್ಥಿ ಮಿತ್ರರಿಗೆ ಮೂರು ಮಾತು ಹೇಳಿ ಮುಗಿಸುತ್ತೇನೆ. ಯಾವ ತಾಣದಲ್ಲಿ ಬರೆದರೂ ದಿನ, ಹೊತ್ತು ನಮೂದಿಸಿ. ನಿಮಗೆ ಬೇಕೆನ್ನಿಸಿದ ಬರಹದ ಒಂದು ಪ್ರತಿಯನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೂ ಸರಿಯೇ. ಸಹಾಯ ಕೇಳುವ ಮಾತನ್ನೂ, ಸಹಾಯ ಕೊಡುವ ಮಾತನ್ನೂ ಕನ್ನಡದಲ್ಲೂ ಬರೆಯಿರಿ. ನಿಮ್ಮ ಬರಹ ಓದಲು ಆ ಹೊತ್ತಿನಲ್ಲಿ ಯಾರು ಎಚ್ಚರವಾಗಿರುತ್ತಾರೋ, ಅವರಿಗೆ ಯಾವ ಭಾಷೆ ಬರುತ್ತದೋ, ಬರೆಯುವಾಗ ನಮಗೆ ಗೊತ್ತಿರುವುದಿಲ್ಲ.